ಜಡೆ ಸುತ್ತಿದ ಹ್ಯಾಂಡಲ್

“ಕೈ ಮುಗೀತೀನಿ ಡಾಕ್ಟ್ರೇ, ಆ ಹ್ಯಾಂಡಲ್ ಮಾತ್ರ ಮುಟ್ಟಬೇಡಿ,” ಎಂದ ಗ್ರೀಸ್ ತಾತ.

ಹಳೆ ಕಾರುಗಳ ಕ್ಲಬ್ಬಿಗೆ ಅವನೊಬ್ಬನೇ ಮೆಕ್ಯಾನಿಕ್. ಹಲ್ಲಿನ ಡಾಕ್ಟರು ಸದಸ್ಯರಾಗಿ ಇನ್ನೂ ತಿಂಗಳಾಗಿರಲಿಲ್ಲ. ಹೊರಗೆ ಮೈದಾನದಲ್ಲಿ ಮೂವತ್ತು ಕಾರುಗಳು ಬಿಸಿಲಿಗೆ ಮಿರುಗುತ್ತಿದ್ದವು. ನೋಡಲು ಜನ ಮುತ್ತಿಕೊಂಡಿದ್ದರು. ಈ ಕರಿ ಕಾರೊಂದು ಮಾತ್ರ ಶೆಡ್ಡಿನ ಕತ್ತಲೆಯಲ್ಲಿತ್ತು. ಸುಟ್ಟ ಎಣ್ಣೆಯ, ಮುಗ್ಗಿದ ಚರ್ಮದ ವಾಸನೆ. ಕಾರಿನ ಮೂತಿಯಿಂದ ಹೊರಚಾಚಿದ್ದ ಸ್ಟಾರ್ಟ್ ಮಾಡುವ ಹ್ಯಾಂಡಲ್ಲಿಗೆ ಹೆಣ್ಣಿನ ಜಡೆಯೊಂದನ್ನು ಬಿಗಿದು ಸುತ್ತಲಾಗಿತ್ತು.

“ಡ್ರೈವರು ಹ್ಯಾಂಡಲ್ ಹೊಡೀತಿದ್ದಾಗ ಯಜಮಾನ ತಮಾಷೆಗೆ ಅಂತ ಗೇರ್ ಹಾಕ್ದ. ಗೋಡೆಗೂ ಕಾರಿಗೂ ಮಧ್ಯೆ ಅಪ್ಪಚ್ಚಿಯಾಗಿಬಿಟ್ಟ, ಪಾಪ. ಆ ಡ್ರೈವರ್ ಹೆಂಡ್ತಿ ತನ್ನ ಜಡೆ ಕೊಯ್ದು, ಆ ರಕ್ತದಲ್ಲೇ ಅದ್ದಿ, ಮಾಟ ಮಾಡ್ಸಿ ಸುತ್ತಿದ್ಲು. ಇದನ್ನ ತಿರುಗಿಸಿದೋನ ಹೆಂಡ್ತಿ ಅವನ ಕಣ್ಣೆದುರೇ ಸಾಯ್ಲಿ ಅಂತ.”

“ನನ್ನ ಹೆಂಡ್ತಿ ನನ್ನನ್ನ ಸಾಯಿಸದಿದ್ರೆ ಸಾಕು ತಾತ!”

ಫೋಟೋಗೆಂದು ಸ್ಟಿಯರಿಂಗ್ ಹಿಡಿದು ಕೂತಿದ್ದ ಹೆಂಡತಿ ಒಳಗಿನಿಂದಲೇ ನಕ್ಕಳು. “ರೀ, ಮಾತಲ್ಲೇ ಸ್ಟಾರ್ಟ್ ಮಾಡ್ತೀರಾ?”

“ಟ್ಯಾಂಕಲ್ಲಿ ಒಂದು ಹನಿ ಪೆಟ್ರೋಲಿಲ್ಲಮ್ಮ,” ತಾತ ಗೋಗರೆದ.

“ಮತ್ತೆ ಭಯ ಯಾಕೆ?” ಎಂದರು ಡಾಕ್ಟರು.

ಚಾಕುವಿನಿಂದ ಜಡೆ ಕೊಯ್ದರು. ಹಸಿ ಮಾಂಸದ ಕಮಟು ಬಂತು. ಮೂಗು ಮುರಿದು, ಬಲಗೈಯಿಂದ ಹ್ಯಾಂಡಲ್ ತಿರುಗಿಸಿದರು. ಕದಲಲಿಲ್ಲ. ಇನ್ನೊಮ್ಮೆ. ಊಹೂಂ. ಹಟ ಬಂತು. ಮೂರನೇ ಸಲ ಎರಡೂ ಕೈ ಹಾಕಿ ಜಗ್ಗಿದರು. ಹ್ಯಾಂಡಲ್ ತಿರುಗಿ ಒದೆಯುತ್ತದೆಂದು ಪಳಗಿದವರು ಯಾರೂ ಹಾಗೆ ಮಾಡುವುದಿಲ್ಲ.

ಎಂಜಿನ್ ಗರ್ಜಿಸಿತು.

ಹೆಂಡತಿಯ ನಗು ಅರ್ಧಕ್ಕೇ ನಿಂತಿತು. ಸ್ಟಿಯರಿಂಗಿನ ಸಂದಿಯಿಂದ ಕಪ್ಪು ಕೂದಲು ಒಸರಿತು. ಎಳೆ ಎಳೆಯಾಗಿ. ಹಿಡಿ ಹಿಡಿಯಾಗಿ. ಕುತ್ತಿಗೆಗೆ ಸುತ್ತಿಕೊಂಡಿತು. ಡಾಕ್ಟರು ಬಾಗಿಲು ಜಗ್ಗಿದರು. ಬರಲಿಲ್ಲ. ಕಲ್ಲೆತ್ತಿ ಗಾಜಿಗೆ ಹೊಡೆದರು. ಕಲ್ಲೇ ಒಡೆಯಿತು.

“ತಿರುಗಿಸಿದ ಕೈ ಕೊಡಿ!” ತಾತ ಕಿರುಚಿದ. “ಎಂಜಿನ್ ಫ್ಯಾನಿಗೆ ಕೊಡಿ! ಬಿಡಿಸ್ಕೊಳ್ಳೋಕೆ ಆ ಮಾಟ ಮಾಡ್ಸಿದೋಳು ಇಟ್ಟಿದ್ದು ಅದೊಂದೇ ದಾರಿ!”

ಸೂಜಿ ಹಿಡಿಯುವ ಕೈ. ಹಲ್ಲು ಕೀಳುವ ಕೈ. ಅನ್ನ ಕೊಟ್ಟ ಕೈ. ಡಾಕ್ಟರು ಬಾನೆಟ್ಟಿನ ಒಂದು ಮಗ್ಗುಲು ಎತ್ತಿದರು. ಕಣ್ಣು ಮುಚ್ಚಿದರು. ತುರುಕಿದರು.

ಬೆರಳುಗಳು ಸಿಡಿದವು. ಮೂಳೆ ಲಟಲಟನೆ ಮುರಿಯಿತು. ಗಾಜಿನ ಮೇಲೆ ರಕ್ತ ಚಿಮ್ಮಿತು.

ಎಂಜಿನ್ ನಿಲ್ಲಲಿಲ್ಲ.

ಕೂದಲು ಅರ್ಧ ಸಡಿಲಿತು. ಹೆಂಡತಿ ಒಂದು ಉಸಿರೆಳೆದಳು. ಮತ್ತೆ ಬಿಗಿಯಿತು.

“ತಾತಾ... ಯಾಕೆ... ನಿಲ್ತಿಲ್ಲ?”

ತಾತ ಅವರ ಮುಖ ನೋಡಲಿಲ್ಲ. “ಎರಡೂ ಕೈಲಿ ಜಗ್ಗಿದ್ರಲ್ಲ, ಡಾಕ್ಟ್ರೇ.”

ಗಾಜಿನಾಚೆ ಹೆಂಡತಿ ಬೇಡ ಬೇಡವೆಂದು ತಲೆಯಾಡಿಸುತ್ತಿದ್ದಳು. ತುಟಿ ನೀಲಿಗಟ್ಟಿತ್ತು. ಡಾಕ್ಟರು ಅಂಗಿಯ ಎಡತೋಳು ಮಡಚಲು ಬಲಗೈ ಎತ್ತಿದರು. ಬಲಗೈ ಇರಲಿಲ್ಲ.

ಅಂಗಿ ಸಮೇತ ತುರುಕಿದರು.