ಬಣ್ಣ ಕಳಚಿದ ಫೋಟೊಗಳು

"ಮೇಡಂ, ಸ್ವಲ್ಪ ಸರೀರಿ. ನಿಮ್ಮ ನೆರಳು ನನ್ನ ಗೋಡಿ ಮ್ಯಾಲ ಬೀಳಾಕತ್ತದ."

ಏಣಿಯ ಮೇಲಿಂದ ಬಂದ ಮಾತಿಗೆ ಮೈತ್ರಿ ಕ್ಯಾಮೆರಾ ಇಳಿಸದೆಯೇ ಉತ್ತರ ಕೊಟ್ಟಳು.

"ನಿಮ್ಮ ಏಣಿನೂ ನನ್ನ ಫೋಟೊದಾಗ ಬೀಳಾಕತ್ತದರಿ. ನಾ ಏನರೆ ಅಂದ್ನಾ?"

ಅವನು ನಕ್ಕ. ಮೊಣಕೈವರೆಗೆ ಗಿಳಿಹಸಿರು, ಕಿವಿಯ ಹಿಂದೆ ಒಂದು ಗುಲಾಬಿ ಗೆರೆ... ಮೈತ್ರಿಯ ಬೆರಳು ಬಟನ್ ಒತ್ತುವುದನ್ನೇ ಮರೆಯಿತು.

ಅದು ವಾಡಿಯ ಪಿಂಚಣಿ ಓಣಿ. ರೈಲು ಹಳಿಯ ಮೇಲೆ, ಕಲ್ಲಿನ ಗಣಿಯಲ್ಲಿ ಮೈ ಸವೆಸಿ ನಿವೃತ್ತರಾದವರ ಮನೆಗಳು. ಮೂವತ್ತು ವರ್ಷ ಕ್ವಾರ್ಟರ್ಸಿನಲ್ಲಿ ಅವರು ಕಂಡದ್ದು ಒಂದೇ ಮಾಸಲು ಹಳದಿ. ಆ ಬಣ್ಣ ಆರಿಸಿದ ಸಾಹೇಬ ಅಲ್ಲಿ ಒಂದು ಮಧ್ಯಾಹ್ನವೂ ಮಲಗಿರಲಿಲ್ಲ. ಅದಕ್ಕೇ ಈ ಓಣಿಗೆ ಬಂದವರು ಮೊದಲು ಆರಿಸುವುದು ಗೋಡೆಯ ಬಣ್ಣ. ಅಕ್ಕಪಕ್ಕದ ಮನೆಗೆ ಒಂದೇ ಬಣ್ಣ ಇರಬಾರದು, ಅದು ಓಣಿಯ ಕಟ್ಟಳೆ. ಬಣ್ಣ ಹಚ್ಚುವವನು ಏಣಿಯ ಮೇಲಿದ್ದ ಇವನೇ, ಓಣಿಯ ಹಿರಿಯಳು ಅನಸುಬಾಯಿಯ ಮೊಮ್ಮಗ ಕಪಿಲ.

ಮೈತ್ರಿಗೆ ಶಹಾಬಾದಿನ ಬಸ್‌ಸ್ಟ್ಯಾಂಡಿನ ಹತ್ತಿರ ಸಣ್ಣ ಸ್ಟುಡಿಯೊ ಇತ್ತು. ಓಣಿಯ ಹಿರಿಯರ ಫೋಟೊ ತೆಗೆಯಲು ಒಂದೇ ದಿನಕ್ಕೆಂದು ಬಂದವಳು ನಾಲ್ಕು ಐತವಾರ ಬಂದಳು. ಹಿರಿಯರು ತಮ್ಮ ತಮ್ಮ ಬಾಗಿಲ ಮುಂದೆ ಕೂತರೆ, ಕಪಿಲ ಬಿಸಿಲಿಗೆ ಚಾದರ ಅಡ್ಡ ಹಿಡಿಯುತ್ತಿದ್ದ.

"ಕೈ ನೋವಾಗ್ತದೇನ್ರಿ?"

"ಆದ್ರ ಬಿಡ್ತೀರೇನ್?"

ಬಿಡುವ ಮನಸ್ಸು ಇಬ್ಬರಿಗೂ ಇರಲಿಲ್ಲ.

ಐದನೆಯ ಐತವಾರ ಅವಳು ಮನೆಗೊಂದು ಫೋಟೊವನ್ನು ಗಾಜಿನ ಕಟ್ಟು ಹಾಕಿಸಿ ಕಾಣಿಕೆ ತಂದಳು. ಎಲ್ಲವೂ ಕಪ್ಪು-ಬಿಳುಪು.

ಎದುರುಮನೆಯ ಭೀಮಶ್ಯಾ ಮುತ್ಯಾ ತನ್ನ ಫೋಟೊವನ್ನು ಬೋರಲು ಹಾಕಿದ. ಅನಸುಬಾಯಿ ಮಾತ್ರ ಫೋಟೊವನ್ನು ಹೊರಳಿಸಿ ನೋಡಿ ಮೆಲ್ಲಗೆ ಕೇಳಿದಳು.

"ಹಾರ ಯಾವಾಗ ತರ್ತಿ, ಯವ್ವಾ?"

ಮೈತ್ರಿಗೆ ಆಗ ಹೊಳೆಯಿತು. ಆ ಮನೆಗಳಲ್ಲಿ ಕಟ್ಟಿನೊಳಗಿನ ಕಪ್ಪು-ಬಿಳುಪು ಮುಖವೆಂದರೆ ತೀರಿಹೋದವರದು!

ಕಪಿಲ ಎಲ್ಲ ಫೋಟೊಗಳನ್ನೂ ಒಟ್ಟುಮಾಡಿ ಅವಳ ಮುಂದೆ ಇಟ್ಟ.

"ಬದುಕಿದ್ದವರನ್ನ ಗೋಡಿಗಿ ನೇತು ಹಾಕಿದ್ರಿ. ನಾ ಹಚ್ಚಿದ್ದು ಒಂದರೆ ಬಣ್ಣ ಉಳಿಸೀರೇನ್ರಿ? ನನ್ನ ಬಣ್ಣದ ಮ್ಯಾಲ ಅಷ್ಟು ಬ್ಯಾಸರ ಇದ್ರ ಮದಲೇ ಹೇಳಬೇಕಿತ್ತು."

"ಕಪಿಲ, ಹಂಗಲ್ಲರಿ..."

"ಹೋಗ್ರಿ. ಬಸ್ ತಪ್ಪೀತು."

ಎರಡು ಐತವಾರ ಅವಳು ಸ್ಟುಡಿಯೊದ ಬಾಗಿಲು ತೆರೆದು ಸುಮ್ಮನೆ ಕೂತಳು. 'ಇಂಥ ಸಿಟ್ಟಿನವನ ನೆನಪು ನನಗ್ಯಾಕ?' ಎಂದು ಕೇಳಿಕೊಂಡಳು. ಉತ್ತರ ಗೊತ್ತಿತ್ತು... ಅದೇ ಸಂಕಟ. ಈಗ ಹೋಗದಿದ್ದರೆ ಆ ಓಣಿಯೂ ಇಲ್ಲ, ಅವನೂ ಇಲ್ಲ.

ಮೂರನೆಯ ಐತವಾರ ಬಣ್ಣದ ಫೋಟೊಗಳನ್ನು ಹಿಡಿದು, ಕಟ್ಟು ಹಾಕಿಸದೆ, ನೇರ ಅನಸುಬಾಯಿಯ ಕಟ್ಟೆಗೆ ಬಂದು ಕೂತಳು.

"ತಪ್ಪಾತು, ಆಯಿ. ಬಣ್ಣದ ಫೋಟೊದಾಗ ನಿಮ್ಮ ಮಾರಿನೇ ನನಗ ಕಾಣವಲ್ದಾಗಿತ್ತು. ಕಣ್ಣು ಬರೇ ಗೋಡಿಗೇ ಹೋಗ್ತಿತ್ತು. ಅದಕ್ಕ ಬಣ್ಣ ತೆಗೆದೆ."

ಮುದುಕಿ ಎಲೆಯಡಿಕೆ ಚೀಲ ಬಿಚ್ಚುತ್ತಾ ಅವಳನ್ನು ಓರೆಗಣ್ಣಿನಿಂದ ನೋಡಿದಳು.

"ಗೋಡಿಗೋ, ಗೋಡಿಗಿ ಬಣ್ಣ ಹಚ್ಚಿದವಗೋ?"

ಮೈತ್ರಿ ತಲೆ ತಗ್ಗಿಸಿದಳು. ಒಳಗೆ ಏನೋ ಡಬ್ಬಿ ಉರುಳಿದ ಸದ್ದಾಯಿತು. ಕಪಿಲ ಬಾಗಿಲಿಗೆ ಬಂದು ನಿಂತಿದ್ದ.

"ನಾ ಭೀಮಶ್ಯಾನ ಮನಿಗಿ ಫೋಟೊ ಕೊಟ್ಟು ಬರ್ತೀನಿ," ಎಂದು ಅನಸುಬಾಯಿ ಎದ್ದಳು. "ಸತ್ತಿಲ್ಲ, ಏಳೋ ಅಂತ ಹೇಳ್ತೀನಿ."

ಕಟ್ಟೆಯ ಮೇಲೆ ಇಬ್ಬರೇ ಉಳಿದರು.

"ಅವತ್ತೇ ಯಾಕ ಹೇಳಲಿಲ್ಲ?" ಕಪಿಲ ಕೇಳಿದ.

"ಹೇಳಾಕ ಬಿಟ್ರೇನ್ರಿ? ಬಸ್ಸಿನ ಚಿಂತಿ ನಿಮಗೇ ಜಾಸ್ತಿ ಇತ್ತು."

ಅವನು ಕೂತ. ಉಗುರಿನ ಬಣ್ಣ ಕೆರೆದ.

"ನನಗ ಸಿಟ್ಟು ಬಂದದ್ದು ಬರೇ ಮುದುಕರ ಸಲುವಾಗಿ ಅಲ್ಲ, ಮೈತ್ರಿ. ಇಷ್ಟು ಐತವಾರ ಬಂದ್ರೂ ನಿನ್ನ ಕಣ್ಣಿಗಿ ನಾ ಬಿದ್ದೇ ಇಲ್ಲ ಅನಿಸ್ತು... ಅದು ತಡಕೊಳ್ಳಾಕ ಆಗಲಿಲ್ಲ."

"ನೀ ಒಬ್ಬನೇ ಬಿದ್ದಿದ್ದಿ," ಎಂದಳು ಮೈತ್ರಿ. ಅವಳ ಕಣ್ಣು ತುಂಬಿತ್ತು. "ಉಳದದ್ದೆಲ್ಲ ಆಮ್ಯಾಲ ಕಂಡದ್ದು."

ಕಪಿಲ ತನ್ನ ಒರಟು ಬೆರಳಿಂದ ಅವಳ ಕೈ ಮುಟ್ಟಿದ. ಅವಳು ಸರಿಸಲಿಲ್ಲ.

"ಫೋಟೊ ಎಲ್ಲ ಮುಗದ್ವಲ್ಲ. ಮುಂದಿನ ಐತವಾರ ಯಾವ ನೆವ ಹೇಳಿ ಬರ್ತಿ?"

"ನೆವ ಯಾಕ? ಕಪಿಲನ ಮ್ಯಾಲ ಮನಸಾಗ್ಯದ, ಅದಕ್ಕ ಬಂದೀನಿ ಅಂತ ಓಣಿ ತುಂಬ ಹೇಳ್ಕೊಂತ ಬರ್ತೀನಿ."

"ಓಣಿಗಿ ಆಮ್ಯಾಲ ಹೇಳು... ಮದಲ ನನಗ ಹೇಳು."

"ಈಗ ಹೇಳಿದ್ನಲ್ಲ."

"ಇನ್ನೊಮ್ಮಿ."