ಸವತಿಯ ಉಂಗುರ

"ಆ ಯಂತ್ರ ಹಿಡ್ಕೊಂಡು ಹೊಲಕ್ಕೆ ಇಳೀಬೇಡ ತಾಯಿ," ಎಂದಳು ಕ್ಲೋರಿಂದಾ ಅತ್ತೆ. "ಆ ಉಂಗುರ ಕಳೆದುಹೋಗಿದ್ದಲ್ಲ. ಹೂತಿದ್ದು."

ನಿಡಿಯಾ ನಕ್ಕಳು. ಸೌದೆ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಮೆಟಲ್ ಡಿಟೆಕ್ಟರಿಗೆ ಬ್ಯಾಟರಿ ಹಾಕುತ್ತಿದ್ದವಳು ತಲೆ ಕೂಡ ಎತ್ತಲಿಲ್ಲ. ಅವಳು ಈ ಲೆಮುಯ್ ದ್ವೀಪಕ್ಕೆ ಬಂದು ಎಂಟು ತಿಂಗಳಾಗಿತ್ತು. ಅದಕ್ಕೂ ಮೊದಲು ಹನ್ನೊಂದು ವರ್ಷ ರಾಜಧಾನಿ ಸಾಂತಿಯಾಗೊದ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ದುಡಿದವಳು. ಗಾಜಿನ ಪಟ್ಟಿಯ ಮೇಲೆ ಕಾಣದ್ದು ಲೋಕದಲ್ಲೇ ಇಲ್ಲ ಎನ್ನುವ ಪೈಕಿ. ದೋಣಿ ಕಟ್ಟುವ ಬಡಗಿ ಎಲಿಸೆಯೊನನ್ನು ಮೆಚ್ಚಿ, ಕೆಲಸ ಬಿಟ್ಟು, ಅವನ ಬೆನ್ನು ಹಿಡಿದು ಬಂದಿದ್ದಳು.

ಬಂದವಳಿಗೆ ಮನೆ ಖಾಲಿ ಸಿಗಲಿಲ್ಲ. ಎಲಿಸೆಯೊನ ಮೊದಲ ಹೆಂಡತಿ ಎದೆಲ್ಮಿರಾ ಸತ್ತು ಆರು ವರ್ಷವಾಗಿತ್ತು ನಿಜ. ಆದರೆ ಗೋಡೆಯ ಮೇಲೆ ಅವಳ ಫೋಟೊ, ಮೊಳೆಗೆ ಅವಳ ಏಪ್ರನ್, ಕಿಟಕಿಯಲ್ಲಿ ಅವಳ ಬಾಚಣಿಗೆ. ನಿಡಿಯಾ ಮುಂಜಾನೆಯಿಂದ ಆಲೂಗಡ್ಡೆ ತುರಿದು, ಹಿಂಡಿ, ಕೈ ಸೆಟೆದುಹೋಗುವ ಹಾಗೆ ಮಿಲ್ಕಾವೊ ರೊಟ್ಟಿ ತಟ್ಟಿದರೆ ನೆರೆಯವರು ತಿಂದು ಬಾಯಿ ಒರೆಸಿಕೊಂಡು, "ಪರವಾಗಿಲ್ಲ, ಆದ್ರೂ ಎದೆಲ್ಮಿರಾ ಕೈರುಚಿ ಬೇರೇನೇ ಬಿಡು" ಎನ್ನುತ್ತಿದ್ದರು. ನಮ್ಮ ದ್ವೀಪದವರ ಬಾಯಿಗೆ ಬೀಗ ಇದ್ದದ್ದು ಯಾವ ಕಾಲಕ್ಕೆ! ನಿಡಿಯಾಳ ಮೈಯೆಲ್ಲ ಉರಿಯುತ್ತಿತ್ತು. ಬದುಕಿರುವ ಸವತಿಯಾದರೆ ಜಡೆ ಹಿಡಿದು ಜಗಳವಾಡಬಹುದು. ಸತ್ತವಳ ಜೊತೆ ಏನು ಮಾಡುವುದು?

ಇವೆಲ್ಲ ಹೋಗಲಿ. ಭಾನುವಾರ ಬಂತೆಂದರೆ ಎಲಿಸೆಯೊ ಊಟ ಮುಗಿಸಿ, ಮುಳ್ಳುಗುದ್ದಲಿ ಹೆಗಲಿಗೇರಿಸಿ, ಮನೆ ಹಿಂದಿನ ಆಲೂಗಡ್ಡೆ ಹೊಲಕ್ಕೆ ಇಳಿಯುತ್ತಿದ್ದ. ಕತ್ತಲಾಗುವ ತನಕ ಮಣ್ಣು ತಿರುವಿ ಹಾಕುತ್ತಿದ್ದ. ಎದೆಲ್ಮಿರಾಳ ಮದುವೆಯುಂಗುರ ಅಲ್ಲಿ ಕಳೆದಿತ್ತು. ಅದು ಕಳೆದುಹೋದ ಒಂದು ವರ್ಷದೊಳಗೇ ಅವಳು ಕೆಮ್ಮಿ ಕೆಮ್ಮಿ, ಒಣಗಿ ಕಡ್ಡಿಯಾಗಿ ಸತ್ತಿದ್ದಳು.

"ಯಾಕೆ ಹುಡುಕ್ತೀಯ?" ಎಂದು ನಿಡಿಯಾ ಕೇಳಿದ್ದಳು.

"ಸಿಕ್ಕಮೇಲೆ ಹೇಳ್ತೀನಿ. ಈಗ ಕೇಳಬೇಡ."

"ಮತ್ತೆ ನಮ್ಮ ಮದುವೆ?"

"ಸ್ವಲ್ಪ ತಡಿ ನಿಡಿ."

ಎಂಟು ತಿಂಗಳಿಂದ ಇದೇ ರಾಗ. ಅದಕ್ಕೇ ಅವಳು ಉಳಿಸಿದ್ದ ಹಣವನ್ನೆಲ್ಲ ಸುರಿದು ಡಿಟೆಕ್ಟರ್ ತರಿಸಿದ್ದಳು. ಉಂಗುರ ಹುಡುಕುವುದು, ಫೆರಿ ಹತ್ತುವುದು, ನಡುಗಡಲಿನಲ್ಲಿ ಎಸೆಯುವುದು. ಉಂಗುರ ಹೋದರೆ ಹುಡುಕಾಟ ಹೋಯಿತು, ಹುಡುಕಾಟ ಹೋದರೆ ಎದೆಲ್ಮಿರಾ ಹೋದಳು. ಆಮೇಲೆ ಎಲಿಸೆಯೊ ತನ್ನೊಬ್ಬಳವನೇ.

"ಎದೆಲ್ಮಿರಾನ ಕಂಡ್ರೆ ಹೊಟ್ಟೆ ಉರ್ಕೊಳ್ತಿದ್ದೋಳು ಒಬ್ಳಿದ್ಲು," ಅತ್ತೆ ದನಿ ತಗ್ಗಿಸಿದಳು. ಅವಳು ಎಲಿಸೆಯೊನ ಸೋದರತ್ತೆ; ಎಂಬತ್ತು ದಾಟಿದ ಜೀವ. "ಹೆಸರು ಬೇಡ, ಅವಳೂ ಮಣ್ಣಾದಳು. ಮಾಟಗಾರನ ಕೈಲಿ ಉಂಗುರಕ್ಕೆ ಕೂದಲು ಸುತ್ತಿಸಿ, ಒಂಬತ್ತು ಗಂಟು ಹಾಕಿಸಿ ಹೂಳಿಸಿದಳು. ಹೊಟ್ಟೆಕಿಚ್ಚಲ್ಲಿ ಹೂತಿದ್ದನ್ನ ಹೊಟ್ಟೆಕಿಚ್ಚಿಟ್ಟುಕೊಂಡು ಅಗೆಯಬಾರದು ಹುಡುಗಿ. ಎಲ್ಲಾ ಇದ್ದಿಲಾಗಿಬಿಡುತ್ತೆ."

"ಇದ್ದಿಲಾ? ಒಳ್ಳೇದೇ ಆಯ್ತಲ್ಲ ಅತ್ತೆ, ಒಲೆಗಾಗುತ್ತೆ!"

"ನಗು, ನಗು."

"ಎಲಿಸೆಯೊ ಯಾಕೆ ಹುಡುಕ್ತಾನೆ, ಅದನ್ನ ಹೇಳಿ. ನಿಮಗೆ ಗೊತ್ತು."

ಮುದುಕಿ ಒಲೆಗೆ ಸೌದೆ ನೂಕಿದಳು. "ಹೂತಿದ್ದನ್ನ ಹುಡುಕೋರು ಯಾಕೆ ಅಂತ ಬಾಯಿ ಬಿಡಬಾರದು. ಬಿಟ್ರೆ ಮಣ್ಣು ಅದನ್ನ ಇನ್ನೂ ಕೆಳಕ್ಕೆ ನುಂಗುತ್ತೆ. ನಾವೆಲ್ಲ ಹಾಗೇ ನಡ್ಕೊಂಡು ಬಂದೋರು."

"ಹೆಂಡತಿ ನೆನಪಲ್ಲಿ ಹುಡುಕ್ತಾನೆ ಅಂತ ನೇರ ಹೇಳೋಕೆ ನಾಚಿಕೆ, ಅದಕ್ಕೆ ಈ ಕತೆ," ಎಂದು ಮೂಗು ಮುರಿದು ನಿಡಿಯಾ ಬಾಗಿಲು ದಾಟಿದಳು.

ಮಾರ್ಚ್ ತಿಂಗಳು. ಆಲೂಗಡ್ಡೆ ಕಿತ್ತು ಮುಗಿದಿತ್ತು. ಮಣ್ಣು ಸಡಿಲವಾಗಿ, ಕಪ್ಪಗೆ ಬಾಯಿ ತೆರೆದುಕೊಂಡು ಮಲಗಿತ್ತು. ಗೊಬ್ಬರಕ್ಕೆಂದು ಹಾಕಿದ್ದ ಕಡಲಪಾಚಿಯ ಕೊಳೆತ ವಾಸನೆ ಮೂಗಿಗೆ ಅಡರುತ್ತಿತ್ತು. ಮಧ್ಯಾಹ್ನ ಮೂರಕ್ಕೇ ಸಮುದ್ರದ ಕಡೆಯಿಂದ ಮಂಜು ಎದ್ದು ಬೇಲಿಯನ್ನು ನುಂಗಿತು, ಆಮೇಲೆ ಕೋಳಿಗೂಡನ್ನು. ಎಲಿಸೆಯೊ ಕಾಸ್ತ್ರೊ ಪಟ್ಟಣಕ್ಕೆ ಹೋಗಿದ್ದ. ಸಂಜೆಯ ಫೆರಿಗೆ ಬರುವವನು.

ಹೆಡ್‌ಫೋನ್ ಕಿವಿಗೇರಿಸಿ ಅವಳು ಸಾಲು ಹಿಡಿದು ನಡೆದಳು. ಡಿಟೆಕ್ಟರಿನ ತಟ್ಟೆಯನ್ನು ಮಣ್ಣಿಗೆ ತಾಗಿಯೂ ತಾಗದ ಹಾಗೆ ಎಡಕ್ಕೆ ಬಲಕ್ಕೆ ಬೀಸಿದಳು. ತುಕ್ಕು ಮೊಳೆ ಸಿಕ್ಕರೆ ಹಂದಿಯ ಗುಟುರು. ಬಿಯರ್ ಡಬ್ಬಿಯ ಮುಚ್ಚಳ ಮಾತ್ರ ಬಂಗಾರದ ದನಿಯಲ್ಲೇ ಕೂಗಿ ಮೋಸ ಮಾಡುತ್ತಿತ್ತು. ಹನ್ನೆರಡು ಸಲ ಅಗೆದಳು. ಹನ್ನೆರಡೂ ಕಸ.

ಹದಿಮೂರನೆಯದು ಬೇರೆ ದನಿ. ತೆಳ್ಳಗೆ, ಸ್ಪಷ್ಟವಾಗಿ ಕೇಳಿಸಿತು. ಅದರ ಹಿಂದೆಯೇ ಹೆಡ್‌ಫೋನಿನೊಳಗೆ ಯಾರೋ ಕೆಮ್ಮಿದರು.

ಕಿತ್ತು ತೆಗೆದಳು. ಮಂಜಿನಲ್ಲಿ ಯಾರೂ ಇರಲಿಲ್ಲ. ಕೋಳಿಗಳ ಸದ್ದೂ ನಿಂತಿತ್ತು.

"ಬ್ಯಾಟರಿ," ಎಂದುಕೊಂಡು ಮಂಡಿಯೂರಿ ಅಗೆದಳು. ಒಂದು ಗೇಣು. ಮತ್ತೊಂದು ಗೇಣು. ಸುಟ್ಟ ಕೂದಲಿನ ವಾಸನೆ ಗಪ್ಪನೆ ಮುಖಕ್ಕೆ ಬಡಿಯಿತು. ಕೈಗೆ ಸಿಕ್ಕಿದ್ದು ನಿಂಬೆಹಣ್ಣಿನ ಗಾತ್ರದ ಕೂದಲಿನ ಉಂಡೆ. ಏಳು ವರ್ಷ ಮಣ್ಣಲ್ಲಿದ್ದರೂ ಒಂದೆಳೆಯೂ ಕೊಳೆತಿರಲಿಲ್ಲ. ನಿನ್ನೆ ಬಾಚಿದ ಹಾಗೆ ಮಿರುಗುತ್ತಿತ್ತು. ಗಂಟುಗಳನ್ನು ಎಣಿಸಲಿಲ್ಲ, ಹಲ್ಲಿನಿಂದ ಕಚ್ಚಿ ಹರಿದಳು.

ಉಂಗುರ! ಒಳಮೈಯಲ್ಲಿ ಕೊರೆದ ಎರಡು ಹೆಸರು. ಬಂಗಾರ ಬಂಗಾರವಾಗಿಯೇ ಇತ್ತು.

"ನೋಡ್ರೀ ಅತ್ತೆ, ಇದ್ದಿಲಂತೆ ಇದ್ದಿಲು!" ಎಂದು ಗಟ್ಟಿಯಾಗಿ ನಕ್ಕಳು.

ಜೇಬಿಗೆ ಹಾಕಿಕೊಂಡಿದ್ದರೆ ಮುಗಿಯುತ್ತಿತ್ತು. ಆದರೆ ಹೆಣ್ಣಿನ ಹೊಟ್ಟೆಯೊಳಗಿನ ಉರಿ ಜೇಬಿಗೆ ಹಾಕಿಕೊಳ್ಳಲು ಬಿಡುತ್ತದೆಯೇ? ಎಂಟು ತಿಂಗಳಿಂದ ಉಂಗುರಕ್ಕೆ ಕಾದಿದ್ದ ಎಡಗೈಯ ಬೆರಳಿಗೆ ಅದನ್ನು ತೊಡಿಸಿಕೊಂಡಳು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

"ನನಗೂ ಆಗುತ್ತೆ ಕಣೇ, ನೋಡ್ಕೋ," ಎಂದಳು ಸತ್ತವಳಿಗೆ.

ಬೆರಳು ಬೆಚ್ಚಗಾಯಿತು. ಉಗುರು ಕಪ್ಪಾಯಿತು. ಮಣ್ಣೆಂದು ಒರೆಸಿದಳು. ಹೋಗಲಿಲ್ಲ. ಉಜ್ಜಿದಳು. ಉಗುರೇ ಉದುರಿತು.

ನೋವಿಲ್ಲ. ರಕ್ತವಿಲ್ಲ. ಬೆರಳ ತುದಿಯಿಂದ ಸಣ್ಣ ಹೊಗೆ. ಉಂಗುರ ಎಳೆದಳು. ಬರಲಿಲ್ಲ. ಎದ್ದು ಓಡಿದಳು. ಮನೆ ನಲವತ್ತು ಹೆಜ್ಜೆ ದೂರ. ನಲವತ್ತು ಹೆಜ್ಜೆ ಮುಗಿಯಿತು. ಮನೆ ಬರಲಿಲ್ಲ. ಬರೀ ಮಂಜು. ಪಕ್ಕದಲ್ಲೇ ಕೆಮ್ಮು. ಓಡಿದರೆ ಅದೂ ಓಡಿತು. ನಿಂತರೆ ನಿಂತಿತು. ಕಿವಿಯ ಹತ್ತಿರ. ಇನ್ನೂ ಹತ್ತಿರ.

"ಅತ್ತೇ!"

ಬಾಗಿಲು ತೆರೆದ ಸದ್ದು. ಆ ಸದ್ದಿನ ಕಡೆ ಮುಗ್ಗರಿಸಿ ಒಳಗೆ ಬಿದ್ದಳು. ಒಲೆಯ ಬೆಳಕಿನಲ್ಲಿ ಕೈ ಎತ್ತಿದಳು. ಐದೂ ಬೆರಳು ಕಪ್ಪು. ಬಿರುಕುಗಳ ಒಳಗೆ ಕೆಂಡದ ಕೆಂಪು.

ಕ್ಲೋರಿಂದಾ ಅತ್ತೆ ಶಿಲುಬೆ ಗುರುತು ಹಾಕಿಕೊಂಡಳು. "ಬಿಟ್ಟುಕೊಡು. ಅವಳದು ಅಂತ ಮನಸಾರೆ ಹೇಳು. ಬೇಗ!"

"ಹೇಳಲ್ಲ!" ನಿಡಿಯಾ ಕಿರುಚಿದಳು. "ಈ ಮನೇಲಿ ಎಲ್ಲಾ ಅವಳದೇ. ಗೋಡೆ ಅವಳದು, ಒಲೆ ಅವಳದು, ಅವನೂ ಅವಳವನೇ. ನನಗೇನಿದೆ ಇಲ್ಲಿ? ಏನಿದೆ ಹೇಳಿ!"

ಒಂದೊಂದು ಮಾತಿಗೂ ಕಪ್ಪು ಮೇಲೇರಿತು. ಅಂಗೈ. ಮುಂಗೈ. ಮಣಿಕಟ್ಟು.

"ಹೇಳೇ ಹುಡುಗಿ! ಎದೆಗೆ ಹತ್ತಿದ್ರೆ ಮುಗೀತು!"

ನಿಡಿಯಾ ಗೋಡೆಯ ಫೋಟೊ ನೋಡಿದಳು. ಒಣಕಲು ಮುಖ. ದೊಡ್ಡ ಕಣ್ಣು. ಅವಳಿಗೂ ಬದುಕಬೇಕೆಂದಿತ್ತಲ್ಲ ಎಂದು ಮೊದಲ ಸಲ ಅನಿಸಿತು. ಯಾವಳೋ ಹೊಟ್ಟೆಕಿಚ್ಚಿಗೆ ಸತ್ತವಳು. ನನ್ನಂಥವಳೇ ಯಾವಳೋ. ಅಳು ಒತ್ತರಿಸಿ ಬಂತು.

"ನಿನ್ನದೇ ಕಣೇ. ತಗೋ. ನನ್ನ ತಪ್ಪಾಯ್ತು."

ಕೆಂಪು ಆರಿತು. ಮಣಿಕಟ್ಟಿನಿಂದ ಆಚೆ ಇದ್ದದ್ದೆಲ್ಲ ಸದ್ದಿಲ್ಲದೆ ನೆಲಕ್ಕೆ ಉದುರಿತು. ಕರಿ ಪುಡಿಯ ನಡುವೆ ಉಂಗುರ ಹೊಳೆಯುತ್ತಾ ಬಿದ್ದಿತ್ತು. ಅತ್ತೆ ಮೊಂಡಾದ ಎಡಗೈಗೆ ಒದ್ದೆ ಬಟ್ಟೆ ಸುತ್ತಿ ತನ್ನ ಶಾಲು ಹೊದಿಸಿದಳು.

ಅಷ್ಟರಲ್ಲಿ ಎಲಿಸೆಯೊ ಬಂದ. ಮಬ್ಬಿನಲ್ಲಿ ಅವನಿಗೆ ಮೊದಲು ಕಂಡದ್ದು ನೆಲದ ಮೇಲಿನ ಬಂಗಾರ. ಎತ್ತಿಕೊಂಡು, ಒಳಗಿನ ಹೆಸರು ಬೆರಳಲ್ಲಿ ಸವರಿ, ಅಲ್ಲೇ ಮಂಡಿಯೂರಿ ಅತ್ತುಬಿಟ್ಟ. ನಿಡಿಯಾ ನೋಡುತ್ತಾ ಕೂತಳು. ಉರಿಯಲು ಅವಳಲ್ಲಿ ಏನೂ ಉಳಿದಿರಲಿಲ್ಲ.

"ಸಿಕ್ತಲ್ಲ ನಿಡಿ, ಇನ್ನು ಹೇಳಬಹುದು," ಅವನು ಅಳುತ್ತಲೇ ನಕ್ಕ. "ಇದು ಆ ಮಣ್ಣಿಂದ ಮೇಲೆ ಬರದೆ ನಾನು ಇನ್ನೊಬ್ಬಳಿಗೆ ಉಂಗುರ ಹಾಕಿದ್ರೆ, ಆ ಮಾಟ ಅವಳಿಗೇ ತಗಲುತ್ತೆ ಅಂದಿದ್ರು ಹಿರಿಯರು. ನಿನಗೆ ಏನಾದ್ರೂ ಆದ್ರೆ ನಾನು ಉಳೀತೀನೇನೇ? ಹುಚ್ಚನ ಹಾಗೆ ಅಗೆದೆ."

ಅವನು ಅಂಗಿಯ ಜೇಬಿನಿಂದ ಪುಟ್ಟ ಕಾಗದದ ಪೊಟ್ಟಣ ತೆಗೆದು ಬಿಚ್ಚಿದ. ಹಳೆಯದು ಸಿಕ್ಕ ದಿನಕ್ಕಿರಲಿ ಎಂದು ಕಾಸ್ತ್ರೊದ ಅಕ್ಕಸಾಲಿಗನಿಂದ ಅಂದೇ ತಂದ ಹೊಸ ಉಂಗುರ. ಒಳಗೆ ಕೊರೆದಿತ್ತು: ನಿಡಿಯಾ.

"ಎಲ್ಲಿ, ಕೈ ಕೊಡು," ಎಂದ.

ಅವಳಿಗೆ ಎದೆ ತುಂಬಿ ಬಂತು. ಎಂಟು ತಿಂಗಳು ಕಾದಿದ್ದ ಮಾತು. ಬೇರೇನೂ ಯೋಚಿಸದೆ, ಶಾಲಿನೊಳಗಿನಿಂದ ಎಡಗೈ ಚಾಚಿದಳು.