ಕರಿಬಂಡೆಯ ಹಿಂದಿನ ಒಂಟಿ ಮರ

"ಅಪ್ಪನ್ನ ಯಾರೋ ಕೊಂದಿದ್ದು ನಿಜ. ಆದ್ರೆ ಚಿಕ್ಕಪ್ಪ ಕೊಂದಿಲ್ಲ," ಎಂದಳು ಆಕೆ, ಕುರ್ಚಿಯಲ್ಲಿ ಕೂರುವ ಮೊದಲೇ.

ಬಂದರಿನ ಬೀದಿಯಲ್ಲಿ, ಹಾಯಿ ಹೊಲಿಯುವ ಅಂಗಡಿಯ ಮಹಡಿಯ ಮೇಲೆ ನಾನೂ ನನ್ನ ಭಾವನೂ ಆಗ ವಾಸವಾಗಿದ್ದೆವು. ಅಕ್ಕ ತೀರಿಕೊಂಡ ಮೇಲೆ ನಮ್ಮಿಬ್ಬರನ್ನು ಒಂದೇ ಸೂರಿನಡಿ ಉಳಿಸಿದ್ದು ಅವಳ ನೆನಪೋ, ಬೇರೆ ಯಾರೂ ನಮ್ಮನ್ನು ಸಹಿಸದಿದ್ದುದೋ, ಹೇಳಲಾರೆ. ಭಾವ ದೀಪಸ್ತಂಭದ ಕೆಲಸದಿಂದ ನಿವೃತ್ತನಾದವನು. ಪೊಲೀಸರು ಕೈಚೆಲ್ಲಿದ ಎಷ್ಟೋ ಪ್ರಕರಣಗಳನ್ನು ಬಿಡಿಸಿದ್ದರಿಂದ ಊರು ಅವನನ್ನು 'ದುರ್ಬೀನು' ಎಂದೇ ಕರೆಯುತ್ತಿತ್ತು.

"ಮೊದಲು ನೀರು ಕುಡಿಯಮ್ಮ. ಅಳು ಬಂದ್ರೆ ಅತ್ತುಬಿಡು, ಸಂಕೋಚ ಬೇಡ. ನನ್ನ ಮೈದುನ ಕವಿತೆ ಓದಿ ದಿನಾ ಅಳ್ತಾನೆ," ಎಂದ ಭಾವ.

ಆಕೆ ಅಳಲಿಲ್ಲ. ಅವಳ ತಂದೆಯ ಹಾಯಿದೋಣಿಯೇ ಅವರೆಲ್ಲರ ಮನೆ. ತಂದೆ, ಮಗಳು, ಅಳಿಯ, ಮತ್ತೆ ಅಡಿಗೆ ನೋಡಿಕೊಳ್ಳುತ್ತಿದ್ದ ಚಿಕ್ಕಪ್ಪ. ಜನವಸತಿಯಿಲ್ಲದ ಒಂದು ದ್ವೀಪದ ಕೊಲ್ಲಿಯಲ್ಲಿ ಬೆಳಿಗ್ಗೆ ಲಂಗರು ಹಾಕಿದ್ದರು. ಊಟದ ಹೊತ್ತಿಗೆ ಸಾರಿನ ಉಪ್ಪಿನ ನೆಪದಲ್ಲಿ ಅಣ್ಣತಮ್ಮಂದಿರಿಗೆ ಜಗಳವಾಗಿ, ಚಿಕ್ಕಪ್ಪ ಸೌಟು ಎಸೆದು, ಪುಟ್ಟ ದೋಣಿಗೆ ಹುಟ್ಟು ಹಾಕುತ್ತ ಒಬ್ಬನೇ ದಡಕ್ಕೆ ಹೋಗಿದ್ದ. ಸಂಜೆಗೆ ಮೊದಲೇ ತಂದೆಯ ಶವ ದೋಣಿಯ ಮೂತಿಯ ಬಳಿ ತೇಲುತ್ತಿತ್ತು. ಮುಖಕ್ಕೆ ನೀರೊಳಗೆ ನೋಡುವ ಕನ್ನಡಕ, ನೆತ್ತಿಯಲ್ಲಿ ಆಳವಾದ ಗಾಯ. ಪೊಲೀಸರು ಚಿಕ್ಕಪ್ಪನನ್ನೂ ಅವನ ಹುಟ್ಟನ್ನೂ ಒಟ್ಟಿಗೆ ಒಯ್ದಿದ್ದರು.

"ನೀನೆಲ್ಲಿದ್ದೆ?"

"ತಲೆನೋವು ಅಂತ ಕೆಳಗೆ ಕೋಣೇಲಿ ಮಲಗಿದ್ದೆ. ಮಲಗುವಾಗ ಕಿಟಕಿ ಕಡೆ ನೆರಳಿತ್ತು. ಇದ್ದಕ್ಕಿದ್ದ ಹಾಗೆ ಬಿಸಿಲು ಮುಖಕ್ಕೆ ಹೊಡೆದು ಎಚ್ಚರ ಆಯ್ತು. ಲಂಗರಿನ ಸರಪಳಿ ಹವಳಕ್ಕೆ ಉಜ್ಜಿ ಕರಕರ ಅಂತಿತ್ತು. ಅಪ್ಪ ಬೈಕೊಂಡು ಮೂತಿ ಕಡೆ ಹೋದ್ರು, ನೀರಿಗೆ ಹಾರಿದ್ರು. ನಾನು..." ಆಕೆ ಲೋಟವನ್ನು ಕೆಳಗಿಟ್ಟಳು. "ನಾನು ಮಗ್ಗುಲು ಬದಲಿಸಿ ಮತ್ತೆ ಮಲಗಿದೆ."

"ಚಿಕ್ಕಪ್ಪ ಏನಂತಾರೆ?"

"ಬಾಯೇ ಬಿಡ್ತಿಲ್ಲ. ಅವರಿಗೆ ಈಜೂ ಬರಲ್ಲ. ನನ್ನ ಎತ್ತಿ ಆಡಿಸಿದ ಜೀವ ಸಾರ್, ಜೈಲಲ್ಲೇ ಸಾಯ್ತಾರೆ."

ಅದೇ ಮಧ್ಯಾಹ್ನ ಬಂದರಿನ ಕಟ್ಟೆಗೆ ಕಟ್ಟಿದ್ದ ಆ ದೋಣಿಯಲ್ಲಿ ಅಳಿಯನನ್ನು ಕಂಡೆವು. ಮೃದು ಮಾತಿನ, ದಣಿದ ಕಣ್ಣುಗಳ ಮನುಷ್ಯ. ಹಿಂಬದಿಯಲ್ಲಿ ಚುಕ್ಕಾಣಿಯ ಪಕ್ಕದ ಪೀಠ ತೋರಿಸಿದ.

"ಊಟ ಮುಗಿದಾಗಿನಿಂದ ಇವಳು ಕಿರುಚೋವರೆಗೂ ಇಲ್ಲಿಂದ ಎದ್ದಿಲ್ಲ. ಲಂಗರು ಜಾರುತ್ತಾ ನೋಡ್ತಿರು ಅಂತ ಮಾವನ ಕಟ್ಟಪ್ಪಣೆ. ಕೊಲ್ಲಿಯ ಪಕ್ಕ ನೀರಿಗೆ ಚಾಚಿದ ನೆಲದ ಮೇಲೆ ಒಂದು ಕರಿಬಂಡೆ, ಅದರ ಹಿಂದೆ ಒಂಟಿ ಮರ. ಎರಡೂ ಒಂದೇ ಗೆರೇಲಿ ಕಂಡ್ರೆ ದೋಣಿ ಇದ್ದಲ್ಲೇ ಇದೆ ಅಂತ. ಇಡೀ ಮಧ್ಯಾಹ್ನ ಕೂದಲೆಳೆಯಷ್ಟೂ ಕದಲಲಿಲ್ಲ."

"ಚಿಕ್ಕಪ್ಪ ಬಂದದ್ದು ಕಾಣಲಿಲ್ವಾ?"

"ಮೂತಿ ದಡದ ಕಡೆಗಿತ್ತು, ನೇರ ಅಲ್ಲಿಗೇ ಬಂದಿರ್ಬೇಕು. ಕೋಣೆಯ ಚಾವಣಿ ಅಡ್ಡ ಬರುತ್ತೆ, ಇಲ್ಲಿಗೆ ಕಾಣಲ್ಲ."

ಭಾವ ಮುಂದಕ್ಕೆ ಹೋಗಿ ಲಂಗರೆತ್ತುವ ರಾಟೆಯನ್ನು ತಡವಿದ. "ಇದರ ಹಿಡಿ ಎಲ್ಲಿ?"

"ಎಲ್ಲೋ ಬಿದ್ದಿರ್ಬೇಕು."

ಬೀದಿಗೆ ಬಂದ ಮೇಲೆ ಭಾವ, "ಎಂಥಾ ಸಾಕ್ಷಿ ಕಣಯ್ಯಾ! ಇಸ್ತ್ರಿ ಮಾಡಿದ ಹಾಗಿದೆ, ಒಂದು ಸುಕ್ಕೂ ಇಲ್ಲ," ಎಂದ. ಅವನ ಧ್ವನಿಯಲ್ಲಿ ಮೆಚ್ಚುಗೆಯಿರಲಿಲ್ಲ.

ಮರುದಿನ ಭಾವ ಇನ್‌ಸ್ಪೆಕ್ಟರನ್ನು ಒಪ್ಪಿಸಿ, ಎಲ್ಲರನ್ನೂ ಅದೇ ದೋಣಿಯಲ್ಲಿ ಅದೇ ದ್ವೀಪಕ್ಕೆ ಕರೆದೊಯ್ದ. ಅದೇ ಜಾಗದಲ್ಲಿ ಲಂಗರು ಇಳಿಯಿತು. ಗಾಳಿ ದ್ವೀಪದಿಂದ ಕಡಲಿಗೆ ಬೀಸುತ್ತಿತ್ತು. ದೋಣಿ ದಡಕ್ಕೆ ಮೂತಿ ಮಾಡಿ ನಿಂತಿತು. ಪಕ್ಕದಲ್ಲಿ ಕರಿಬಂಡೆಯ ನೇರ ಹಿಂದೆ ಒಂಟಿ ಮರ. ಅಳಿಯ ತನ್ನ ಪೀಠದಲ್ಲಿ, ಕೋಳ ತೊಟ್ಟ ಚಿಕ್ಕಪ್ಪ ಅಡಿಗೆಮನೆಯ ಮೆಟ್ಟಿಲ ಮೇಲೆ.

"ಏನ್ ಕಾಯ್ತಿದೀವಿ ಸ್ವಾಮಿ?" ಎಂದ ಇನ್‌ಸ್ಪೆಕ್ಟರ್, ಬೆವರೊರೆಸಿಕೊಳ್ಳುತ್ತ.

"ಒಬ್ಬ ಸಾಕ್ಷಿ ಬರಬೇಕು. ಮಧ್ಯಾಹ್ನ ಬರ್ತಾನೆ."

ಮಧ್ಯಾಹ್ನ ದ್ವೀಪದ ಗಾಳಿ ಸತ್ತಿತು. ಹಾಯಿಬಟ್ಟೆ ಒಮ್ಮೆ ನಿಟ್ಟುಸಿರಿಟ್ಟು ಜೋತುಬಿತ್ತು. ಆಮೇಲೆ ಕಡಲ ಕಡೆಯಿಂದ ಹೊಸ ಗಾಳಿ ಎದ್ದಿತು. ದೋಣಿ ನಿದ್ದೆಯಲ್ಲಿ ಹೊರಳುವವರಂತೆ ಲಂಗರಿನ ಸುತ್ತ ನಿಧಾನವಾಗಿ ತಿರುಗಿತು. ಕೆಳಗೆ ಸರಪಳಿ ಕರಕರ ಎಂದಿತು. ನಮ್ಮೆಲ್ಲರ ಕಣ್ಣೆದುರೇ ಒಂಟಿ ಮರ ಬಂಡೆಯ ಹಿಂದಿನಿಂದ ಜಾರಿ, ದೂರ ಸರಿದು ನಿಂತಿತು.

"ಸಾಕ್ಷಿ ಬಂದ," ಎಂದ ಭಾವ. "ಹಗಲ ಗಾಳಿ ಹೀಗೆ ತಿರುಗೋದು ಈ ಕರಾವಳಿಯ ಚಾಳಿ. ಅವತ್ತೂ ತಿರುಗಿತ್ತು. ಕೋಣೆಗೆ ಬಿಸಿಲು ಬಂದದ್ದು, ಸರಪಳಿ ಉಜ್ಜಿದ್ದು ಅದಕ್ಕೇ. ಯಜಮಾನರು ನೀರಿಗಿಳಿದದ್ದೂ ಅದಕ್ಕೇ, ಸರಪಳಿ ಹವಳಕ್ಕೆ ಸಿಕ್ಕಿತಾ ನೋಡೋಕೆ. ಅಂದ್ರೆ ಅವರು ಸತ್ತದ್ದು ದೋಣಿ ತಿರುಗಿದ ಮೇಲೆ. ಆದ್ರೆ ಅಳಿಯಂದಿರು ಹೇಳಿದ್ದೇನು? ಮರ ಕೂದಲೆಳೆಯಷ್ಟೂ ಕದಲಲಿಲ್ಲ. ಬೆಳಿಗ್ಗೆ ಕಂಡದ್ದನ್ನೇ ಮಧ್ಯಾಹ್ನಕ್ಕೂ ಹೇಳಿದ್ರು. ಯಾಕಂದ್ರೆ ಮಧ್ಯಾಹ್ನ ಅವರು ಮರ ನೋಡ್ತಾ ಇರಲಿಲ್ಲ."

ಭಾವ ಪೀಠದ ಕಡೆ ಕೈ ತೋರಿಸಿದ.

"ಈಗ ಮೂತಿ ಕಡಲಿಗೆ, ಈ ಪೀಠ ದಡಕ್ಕೆ. ದಡದಿಂದ ಪುಟ್ಟ ದೋಣಿ ಮೂತಿಗೆ ಹೋಗ್ಬೇಕಾದ್ರೆ ಈ ಪೀಠದ ಮುಂದೆಯೇ ಹಾಯಬೇಕು. ಇಲ್ಲೇ ಕೂತಿದ್ದು ನಿಜವಾದ್ರೆ ಯಾರೂ ಬರಲಿಲ್ಲ; ಸುಳ್ಳಾದ್ರೆ, ಆ ಸುಳ್ಳಿಗೊಂದು ಕಾರಣ ಬೇಕು. ಕೊಂದವರು ದೋಣಿಯಲ್ಲೇ ಇದ್ರು, ರಾಟೆಯ ಹಿಡಿ ಕೈಗೆ ಸಿಗೋ ಜಾಗದಲ್ಲಿ. ಮಗಳೇ ಕೊಂದಿದ್ರೆ ಬಿಸಿಲಿನ, ಸರಪಳಿಯ ಮಾತು ನನಗೆ ಹೇಳ್ತಿರಲಿಲ್ಲ; ಗಂಡನ ಸುಳ್ಳನ್ನ ಮುರಿದದ್ದೇ ಆ ಮಾತು. ಉಳಿದವರು ಒಬ್ಬರೇ. ಏನ್ ಚಿಕ್ಕಪ್ಪನೋರೇ, ಅವತ್ತು ದಡದಿಂದ ಈ ಪೀಠ ನಿಮಗೆ ಚೆನ್ನಾಗಿ ಕಾಣ್ತಿತ್ತಲ್ವಾ?"

"ಖಾಲಿ ಇತ್ತು," ಎಂದ ಮುದುಕ. ಆಮೇಲೆ ಭಾವನ ಕಡೆಗೆ ಕಿಡಿಕಾರಿದ: "ನಿಮ್ಮನ್ನ ಯಾರ್ರೀ ಕರೆದದ್ದು?"

"ನಾನು," ಎಂದಳು ಮಗಳು. "ನಿಮಗೆ ಗೊತ್ತಿತ್ತಾ ಚಿಕ್ಕಪ್ಪ?"

"ನನಗಿನ್ನು ಎಷ್ಟು ಆಯುಸ್ಸು ಮಗಳೇ? ನಿನಗೊಂದು ಸಂಸಾರ ಉಳೀಲಿ ಅಂತ..."

"ಅಪ್ಪನ್ನ ಕೊಂದೋರಿಗೆ ಅನ್ನ ಬಡಿಸ್ಕೊಂಡು?"

ಆಗ ಅಳಿಯ ಬಾಯಿ ತೆರೆದ. ಹೆಂಡತಿಯನ್ನು ಬಿಟ್ಟು ಬೇರೆ ಯಾರನ್ನೂ ನೋಡಲಿಲ್ಲ. "ನೆಲದ ಮೇಲೊಂದು ಮನೆ ಮಾಡೋಣ ಅಂತ ಎಷ್ಟು ವರ್ಷ ಕೇಳ್ದೆ? ಅವತ್ತು ಊಟಕ್ಕೆ ಕೂತಾಗ ನಿಮ್ಮಪ್ಪ ಮತ್ತೊಂದು ಸಾಗರ ದಾಟೋಣ ಅಂದ್ರು. ನೀನು ಹೂಂ ಅಂದೆ. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ಆಮೇಲೆ ಅವರು ನೀರಿಂದ ತಲೆ ಎತ್ತಿ, 'ಲೇ, ಸರಪಳಿ ಸಡಿಲಿಸು, ದಂಡಪಿಂಡ' ಅಂದ್ರು. ಹಿಡಿ ಕೈಯಲ್ಲೇ ಇತ್ತು."

ಇನ್‌ಸ್ಪೆಕ್ಟರ್ ಒಬ್ಬರ ಕೈಯಿಂದ ಬಿಚ್ಚಿದ ಕೋಳವನ್ನು ಇನ್ನೊಬ್ಬರಿಗೆ ತೊಡಿಸಿದ. ಎಲ್ಲವೂ ಮುಗಿಯಿತೆಂದು ನಾನು ಭಾವಿಸಿದೆ.

ಮುಗಿದಿರಲಿಲ್ಲ. ಕೊಲ್ಲಿಯಿಂದ ಹೊರಬೀಳಲು ಹವಳದ ದಿಬ್ಬಗಳ ನಡುವೆ ಇಕ್ಕಟ್ಟಾದ ಒಂದೇ ದಾರಿ. ಮೂತಿಯಲ್ಲಿ ನಿಂತು ದಿಬ್ಬ ಗುರುತಿಸುವವರು ಒಬ್ಬರು, ಚುಕ್ಕಾಣಿ ಹಿಡಿಯುವವರು ಇನ್ನೊಬ್ಬರು ಬೇಕು. ಭಾವನಿಗೆ ದೀಪ ಹಚ್ಚುವುದು ಗೊತ್ತಿತ್ತು, ಚುಕ್ಕಾಣಿ ಗೊತ್ತಿರಲಿಲ್ಲ. ಚಿಕ್ಕಪ್ಪನೂ ಅದನ್ನು ಮುಟ್ಟಿದವನಲ್ಲ. ಇನ್‌ಸ್ಪೆಕ್ಟರ್ ಗೊಣಗುತ್ತ ಕೋಳವನ್ನು ಮತ್ತೆ ಬಿಚ್ಚಿದ; ಅಳಿಯ ಚುಕ್ಕಾಣಿಗೆ ಕೂತ.

ಆಕೆ ಮೂತಿಗೆ ಹೋಗಿ, ನಮಗೆ ಬೆನ್ನು ಹಾಕಿ ನಿಂತು, ಕೈ ಮೇಲೆತ್ತಿದಳು. ಕೈ ಎಡಕ್ಕೆ ಬಾಗಿದಾಗ ದೋಣಿ ಎಡಕ್ಕೆ ಹೊರಳಿತು. ಅಂಗೈ ಕೆಳಗಾದಾಗ ವೇಗ ತಗ್ಗಿತು. ಅವನು ಪಾಲಿಸುತ್ತಾನೋ ಇಲ್ಲವೋ ಎಂದು ಆಕೆ ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಗಂಡಹೆಂಡಿರು ಅಷ್ಟು ಒಮ್ಮನಸ್ಸಿನಿಂದ ಬಾಳಿದ್ದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.